ಮಾತಾಡುವ ಯಂತ್ರಗಳಿಗೆ ಕಿವಿ ಎಲ್ಲಿದೆ?

ಹುಣಸೂರಿನ ತಂಗಿಯ ಮನೆಗೆ ಹೋಗಿದ್ದೆ. ಅವಳ ನಾಲ್ಕೂವರೆ ವರ್ಷದ ಮಗಳು ಪ್ಲಾಸ್ಟಿಕ್ಕಿನ ಒಂದು ಆಟಿಕೆಯನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಪುಸ್ತಕದಂತೆ ತೆರೆದುಕೊಳ್ಳುವ ಅದರ ಪುಟಗಳಲ್ಲಿ ಹಸು, ಬೆಕ್ಕು, ಬಸ್ಸು, ಬಾಳೆಹಣ್ಣುಗಳ ಚಿತ್ರಗಳಿವೆ. ಚಿತ್ರವನ್ನು ಒತ್ತಿದರೆ ಹೆಂಗಸೊಬ್ಬಳ ದನಿ ಅದರ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಅದೇ ದನಿ, ಇದೇನು ಹೇಳು ನೋಡೋಣ ಎಂದು ಕೇಳಿ, ಎರಡು ಕ್ಷಣ ಸುಮ್ಮನಿದ್ದು, ಚಪ್ಪಾಳೆ ತಟ್ಟಿ ‘ವೆರಿ ಗುಡ್’ ಅನ್ನುತ್ತದೆ. ಹುಡುಗಿ ಮೊದಲ ಸಲ ಹಸುವನ್ನು ನೋಡಿ ‘ಗಾಯ್’ ಎಂದಳು. ವೆರಿ ಗುಡ್. ಎರಡನೆಯ ಸಲ ತುಟಿ ಬಿಚ್ಚಲಿಲ್ಲ. ವೆರಿ ಗುಡ್. ಮೂರನೆಯ ಸಲ ನನ್ನ ಮುಖ ನೋಡಿ ಕಣ್ಣು ಮಿಟುಕಿಸಿ ‘ಬಿಲ್ಲಿ’ ಎಂದಳು. ಆಗಲೂ ವೆರಿ ಗುಡ್. ‘ಇಸ್ಕು ಕುಚ್ ನೈ ಮಾಲೂಮ್ ಮಾಮೂ’ ಎಂದು ನಕ್ಕು ಅದನ್ನು ಮಂಚದ ಕೆಳಗೆ ತಳ್ಳಿದಳು. ಇದಕ್ಕೇನೂ ಗೊತ್ತಿಲ್ಲ ಎಂಬ ಆ ತೀರ್ಪಿಗೆ ನಾನು ಸೇರಿಸುವುದೇನೂ ಇರಲಿಲ್ಲ.

ಸಂತೆಯ ಅಗ್ಗದ ಆಟಿಕೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳಬಹುದು. ಆದರೆ ದುಬಾರಿಯದಕ್ಕೂ ಇದಕ್ಕೂ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. 1978ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ‘ಸ್ಪೀಕ್ ಅಂಡ್ ಸ್ಪೆಲ್’ ಎಂಬ ಆಟಿಕೆಯನ್ನು ಹೊರತಂದಿತು. ಅದರಲ್ಲಿ ಟೇಪು ಇರಲಿಲ್ಲ, ತಟ್ಟೆಯೂ ಇರಲಿಲ್ಲ. ಮನುಷ್ಯನ ಗಂಟಲು ಮತ್ತು ಬಾಯಿ ದನಿಯನ್ನು ರೂಪಿಸುವ ಬಗೆಯನ್ನು ಅಂಕಿಗಳಾಗಿಸಿ ಒಂದೇ ಚಿಪ್ಪಿನಿಂದ ಮಾತು ಹೊರಡಿಸಿದ್ದರು. ಅದು ಪದವನ್ನು ಹೇಳುತ್ತಿತ್ತು, ಮಗು ಅಕ್ಷರಗಳನ್ನು ಒತ್ತಬೇಕಿತ್ತು, ತಪ್ಪಿದರೆ ತಪ್ಪು ಎನ್ನುತ್ತಿತ್ತು. ಮಗುವಿನ ಬೆರಳನ್ನಾದರೂ ಅದು ಗಮನಿಸುತ್ತಿತ್ತು. ಇಷ್ಟು ವರ್ಷಗಳಾದ ಮೇಲೆ ನಮ್ಮ ಪೇಟೆಗಳಿಗೆ ಬಂದು ಬಿದ್ದಿರುವುದು ಹೊಗಳುವುದನ್ನು ಮಾತ್ರ ಕಲಿತ ಯಂತ್ರ. ಕಲಿಕೆಗೂ ಮನರಂಜನೆಗೂ ಮಾತಾಡುವ ಈ ಸಾಧನಗಳನ್ನು ನಾವು ಅವು ಎಷ್ಟು ಚೆನ್ನಾಗಿ ಮಾತಾಡುತ್ತವೆ ಎಂಬುದರಿಂದ ಅಳೆಯುತ್ತಾ ಬಂದಿದ್ದೇವೆ. ಎದುರಿಗಿರುವವರ ಮಾತನ್ನು ಎಷ್ಟು ಕೇಳಿಸಿಕೊಳ್ಳುತ್ತವೆ ಎಂದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಂಥ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಯಾಕೆಂದರೆ ಇಲ್ಲಿ ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು, ಶಾಲೆಯ ಮಾತು ಮತ್ತೊಂದು. ಯಂತ್ರಕ್ಕೆ ಗೊತ್ತಿರುವುದು ಇವುಗಳಲ್ಲಿ ಒಂದು, ಹೆಚ್ಚೆಂದರೆ ಎರಡು.

ದನಿಯ ಯಂತ್ರಗಳ ಚರಿತ್ರೆಯಲ್ಲಿ ಮೈಸೂರು ಸೀಮೆಗೆ ತನ್ನದೇ ಜಾಗವಿದೆ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಭಾರತದ ಮೊದಮೊದಲ ಧ್ವನಿಮುದ್ರಿಕೆಗಳ ದೊಡ್ಡ ಹೆಸರು ಅವರದು. ಅರ್ಮೇನಿಯನ್ ಮೂಲದ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ತಾಯಿಯೊಡನೆ ಇಸ್ಲಾಮಿಗೆ ಬಂದ ಈ ಗಾಯಕಿ ಮೂರು ನಿಮಿಷದ ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆ ಒತ್ತಲು ಜರ್ಮನಿಗೆ ಹೋಗುತ್ತಿದ್ದ ಮುದ್ರಣ ಯಾರದೆಂದು ಅಲ್ಲಿಯ ತಂತ್ರಜ್ಞರಿಗೆ ತಿಳಿಯಲೆಂದು ಹಾಗೆ ಮಾಡುತ್ತಿದ್ದರು ಎನ್ನುತ್ತಾರೆ. ಕಾರಣ ಏನೇ ಇರಲಿ, ಯಂತ್ರದಿಂದ ಬರುವ ದನಿಗೆ ಒಬ್ಬ ಒಡತಿ ಇದ್ದಾಳೆಂದು ಆ ಕೊನೆಯ ಎರಡು ಸೆಕೆಂಡು ಹೇಳಿಬಿಡುತ್ತಿತ್ತು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ನನ್ನ ಸೊಸೆಯ ಆಟಿಕೆಯಲ್ಲಿ ಹಸು, ಬೆಕ್ಕು ಅನ್ನುವ ಹೆಂಗಸು ಯಾರು? ಯಾವ ಊರಿನವಳು? ಪೆಟ್ಟಿಗೆಯ ಮೇಲೆ ಬ್ಯಾಟರಿಯ ಅಳತೆ ಬರೆದಿದೆ, ಅವಳ ಹೆಸರಿಲ್ಲ.

ಐದು ವರ್ಷಗಳ ನಂತರ, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವಾಟಿನ ಪ್ರೇಷಕ ಇಟ್ಟುಕೊಂಡು ಬಾನುಲಿ ಪ್ರಸಾರ ಶುರುಮಾಡಿದರು. ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಹೊತ್ತುಕೊಂಡಿತು. ಹೆಸರು ಸುಂದರವಾಗಿದೆ, ಆದರೆ ಅದರಲ್ಲೇ ಒಂದು ತೊಡಕೂ ಇದೆ. ಆಕಾಶದಿಂದ ಬರುವ ವಾಣಿಗೆ ನೆಲದವರು ತಿರುಗಿ ಉತ್ತರ ಕೊಡುವುದು ಹೇಗೆ? ಜರ್ಮನಿಯ ನಾಟಕಕಾರ ಬ್ರೆಕ್ಟ್ ಇದೇ ಪ್ರಶ್ನೆಯನ್ನು 1932ರಲ್ಲಿ ಎತ್ತಿದ್ದ. ರೇಡಿಯೋ ಹಂಚುವ ಯಂತ್ರವಾಗಿ ಉಳಿಯದೆ ಎರಡೂ ಕಡೆಯಿಂದ ಮಾತಾಡುವ ಯಂತ್ರವಾಗಲಿ ಎಂಬುದು ಅವನ ಒತ್ತಾಯವಾಗಿತ್ತು.

ನಮ್ಮ ಜನ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಕೂರಬೇಕು. ಸೊಪ್ಪು ಒಳಗೆ ಹೋದ ಮೇಲೆ ಐದಾರು ದಿನ ಬೆಂಕಿ ಆರುವಂತಿಲ್ಲ, ಶಾಖ ಏರುಪೇರಾದರೆ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಕಣ್ಣು ಎಳೆಯದಂತೆ ಕಾಯುತ್ತಿದ್ದುದು ಟ್ರಾನ್ಸಿಸ್ಟರ್. ಮೈಸೂರು ಆಕಾಶವಾಣಿಯ ಚಿತ್ರಗೀತೆ, ಸಂಜೆಯ ಕೃಷಿರಂಗ, ಹತ್ತಿರದ ನಿಲಯಗಳು ಮಲಗಿದ ಮೇಲೆ ಸಿಕ್ಕಿದ ಯಾವುದೋ ದೂರದ ಸ್ಟೇಷನ್. ಆ ಬೆಂಕಿಯ ಬೆಳಕಿನಲ್ಲಿ ಗೌಡರ ಹುಡುಗರೂ ಸಾಬರ ಹುಡುಗರೂ ಇನ್‌ಲ್ಯಾಂಡ್ ಲೆಟರ್ ಬರೆದು ಹಾಡು ಕೋರುತ್ತಿದ್ದರು. ಹಾಡು ನೆಪವಷ್ಟೇ. ಉದ್ಘೋಷಕಿ ತಮ್ಮ ಊರಿನ ಹೆಸರನ್ನೂ ತಮ್ಮ ಹೆಸರನ್ನೂ ಓದುವುದನ್ನು ಕೇಳಬೇಕಿತ್ತು. ಆಕಾಶ ತಮ್ಮ ಹೆಸರು ಹೇಳಿತೆಂದು ವಾರಗಟ್ಟಲೆ ಬೀಗುತ್ತಿದ್ದವರನ್ನು ಕಂಡಿದ್ದೇನೆ. ಕೆಲವೊಮ್ಮೆ ಮುಸ್ಲಿಂ ಹೆಸರುಗಳು ತಿರುಚಿಕೊಂಡು ಬರುತ್ತಿದ್ದವು, ಅದಕ್ಕೂ ಯಾರೂ ಬೇಸರಪಡುತ್ತಿರಲಿಲ್ಲ.

ಕ್ಯಾಸೆಟ್ ಬಂದಾಗ ಕೇಳುವುದರ ರೀತಿಯೇ ಬದಲಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಪುಟ್ಟ ಡಬ್ಬಿ ನಮ್ಮ ಕಡೆ ಮನೆಮಾತಾಗಲು ಇಪ್ಪತ್ತು ವರ್ಷ ಬೇಕಾಯಿತು. ಕೆ.ಆರ್. ನಗರದ ಹೋಟೆಲುಗಳಲ್ಲಿ, ಮದುವೆ ಚಪ್ಪರಗಳಲ್ಲಿ ಗುರುರಾಜುಲು ನಾಯ್ಡು ಅವರ ಹರಿಕಥೆ ಹರಿಯಿತು, ಮುಸ್ಲಿಂ ಮನೆಗಳಿಗೆ ಕವ್ವಾಲಿ, ಬಯಾನುಗಳು ಬಂದವು. ಕಥೆ ಎಲ್ಲರದಾಗಿತ್ತು. ಕ್ಯಾಸೆಟ್ಟಿಗೆ ರೇಡಿಯೋಗಿಲ್ಲದ ಒಂದು ಗುಣವೂ ಇತ್ತು: ಕೆಂಪು ಗುಂಡಿ. ಅದನ್ನು ಒತ್ತಿ ಮನೆಯವರೆಲ್ಲ ಸುತ್ತ ಕೂತು ಗಲ್ಫಿನಲ್ಲಿದ್ದ ಮಗನಿಗೆ ಅರವತ್ತು ನಿಮಿಷದ ಕಾಗದ ತುಂಬಿಸುತ್ತಿದ್ದರು. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿತ್ತು, ಯಾರೋ ಕೆಮ್ಮುತ್ತಿದ್ದರು. ಈ ನೂರಿಪ್ಪತ್ತು ವರ್ಷಗಳ ದನಿಯಂತ್ರಗಳ ನಡುವೆ ಆ ಕೆಂಪು ಗುಂಡಿಗಿಂತ ದೊಡ್ಡ ಸಂಗತಿ ನನಗೆ ಕಂಡಿಲ್ಲ.

ಕಲಿಕೆಯ ವಿಚಾರಕ್ಕೆ ಬರೋಣ. 2000ರ ದಶಕದಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಿಗೆ ರೇಡಿಯೋ ಪಾಠಗಳು ಬಂದವು. ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿಣ್ಣ’, ‘ಕೇಳಿ ಕಲಿ’ ಎಂಬ ಹೆಸರುಗಳು ಆಗಿನ ಮೇಷ್ಟ್ರುಗಳಿಗೆ ನೆನಪಿರಬೇಕು. ಇವುಗಳ ಹಿಂದಿದ್ದ ತಂತ್ರ ಹುಟ್ಟಿದ್ದು 1970ರ ದಶಕದಲ್ಲಿ, ದೂರದ ನಿಕರಾಗುವಾದಲ್ಲಿ. ಅಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೇಡಿಯೋದಲ್ಲಿ ಗಣಿತ ಕಲಿಸಲು ಹೊರಟಾಗ ಒಂದು ಸರಳ ಉಪಾಯ ಮಾಡಿದರು. ಪಾಠದ ನಡುನಡುವೆ ಪ್ರಶ್ನೆ ಕೇಳಿ ರೇಡಿಯೋವನ್ನು ಕೆಲವು ಕ್ಷಣ ಸುಮ್ಮನಾಗಿಸಿದರು. ಆ ಮೌನದಲ್ಲಿ ಮಕ್ಕಳು ಒಟ್ಟಿಗೆ ಉತ್ತರ ಕೂಗಬೇಕು, ಎದ್ದು ನಿಲ್ಲಬೇಕು, ಕುಣಿಯಬೇಕು.

ಆಟಿಕೆಯೂ ಇದನ್ನೇ ಮಾಡುತ್ತದಲ್ಲ, ವ್ಯತ್ಯಾಸವೇನು? ಇಲ್ಲಿ ಕೋಣೆಯೊಳಗೆ ಒಬ್ಬ ಮೇಷ್ಟ್ರು ಇರುತ್ತಾರೆ. ರೇಡಿಯೋ ಸುಮ್ಮನಾದಾಗ ಕಿವಿ ತೆರೆಯಬೇಕಾದವರು ಅವರು. ಯಂತ್ರದ ಬಾಯಿಗೆ ಮನುಷ್ಯನ ಕಿವಿ ಜೋಡಿಸಿದ ಯೋಜನೆ ಅದು. ಜೋಡಣೆ ಗಟ್ಟಿಯಾಗಿದ್ದ ಕಡೆ ಪಾಠ ಚೆನ್ನಾಗಿ ನಡೆದಿದೆ. ನಾನು ಕೂತು ನೋಡಿದ ಒಂದು ತರಗತಿಯಲ್ಲಿ ಮಾತ್ರ ರೇಡಿಯೋ ಹಚ್ಚಿಟ್ಟು ಮೇಷ್ಟ್ರು ಬಿಸಿಯೂಟದ ಲೆಕ್ಕ ಬರೆಯುತ್ತಿದ್ದರು. ಅವರನ್ನು ದೂರಲಾರೆ, ಆ ಲೆಕ್ಕವನ್ನೂ ಯಾರೋ ಕೇಳುವವರಿದ್ದರು. ಮಕ್ಕಳು ಮೌನದ ಜಾಗದಲ್ಲಿ ಕೂಗುತ್ತಿದ್ದರು, ಮುಂದಿನ ಸಾಲಿನ ಮೂವರ ಉತ್ತರವನ್ನೇ ಉಳಿದವರು ಪ್ರತಿಧ್ವನಿಸುತ್ತಿದ್ದರು. ಹಿಂದಿನ ಗೋಡೆಗೆ ಆತು ಕೂತಿದ್ದ ಹಾಡಿಯ ಇಬ್ಬರು ಹುಡುಗರ ತುಟಿ ಮಾತ್ರ ಆಡುತ್ತಿತ್ತು. ಅವರು ಮನೆಯಲ್ಲಿ ಆಡುವುದು ಜೇನುಕುರುಬರ ನುಡಿ. ರೇಡಿಯೋದ ಅಕ್ಕ ಬಳಸುತ್ತಿದ್ದ ನುಣುಪಾದ ಕನ್ನಡ ಅವರ ಕಿವಿಗೆ ಎಷ್ಟು ಇಳಿಯಿತು ಎಂಬುದು ರೇಡಿಯೋಗೆ ತಿಳಿಯುವಂತಿರಲಿಲ್ಲ, ತಿಳಿಯಬೇಕಾದವರು ಲೆಕ್ಕದಲ್ಲಿದ್ದರು.

ಮುಸ್ಲಿಂ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿ ಎದುರಾಗುವುದು ಕುರ್‌ಆನ್ ಕಲಿಸುವ ಪೆನ್ನಿನ ವಿಷಯದಲ್ಲಿ. ಉಮ್ರಾಕ್ಕೆ ಹೋದವರು ಖರ್ಜೂರ, ಝಂಝಂ ನೀರಿನ ಜೊತೆ ಇದನ್ನೂ ತರುತ್ತಾರೆ. ಪುಟದ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳ ವಿನ್ಯಾಸ ಮುದ್ರಿಸಿರುತ್ತಾರೆ. ಪೆನ್ನಿನ ತುದಿಯ ಪುಟ್ಟ ಕ್ಯಾಮೆರಾ ಆ ವಿನ್ಯಾಸ ಓದಿ, ಅದು ಯಾವ ಆಯತ್ ಎಂದು ಗುರುತಿಸಿ, ಒಳಗೆ ತುಂಬಿಟ್ಟ ದನಿಯನ್ನು ನುಡಿಸುತ್ತದೆ. ಎಂಥೆಂಥ ಕಾರಿಗಳ ದನಿ! ಈಜಿಪ್ಟಿನ ಮಹಮೂದ್ ಖಲೀಲ್ ಅಲ್ ಹುಸರಿಯವರ ಪಾರಾಯಣ 1961ರಲ್ಲಿ ಸಂಪೂರ್ಣವಾಗಿ ಮುದ್ರಣಗೊಂಡು ಹೊರಬಂದಾಗ ಅದು ಗ್ರಾಮಫೋನ್ ತಟ್ಟೆಗಳ ಒಂದು ಹೊರೆಯಾಗಿತ್ತು. ಈಗ ಹುಣಸೂರಿನ ಹುಡುಗನ ಜೇಬಿನಲ್ಲಿ ಅಂಥ ಹತ್ತು ಪಾರಾಯಣಗಳು ಹಿಡಿಯುತ್ತವೆ. ಒಂದು ಕಾಲದಲ್ಲಿ ನಮಾಝಿನಲ್ಲಿ ಧ್ವನಿವರ್ಧಕ ಬಳಸಬಹುದೇ ಎಂದು ಉಲೆಮಾಗಳು ಪುಟಗಟ್ಟಲೆ ಚರ್ಚಿಸಿದ್ದ ಸಮುದಾಯ ಈ ಪೆನ್ನನ್ನು ಚಕಾರವಿಲ್ಲದೆ ಬರಮಾಡಿಕೊಂಡಿದೆ. ಚರ್ಚೆ ಆಗಬೇಕಾದ್ದು ನಿಜವಾಗಿ ಇಲ್ಲಿತ್ತು. ಹಲಾಲ್ ಹರಾಮಿನ ಚರ್ಚೆಯಲ್ಲ, ಕಲಿಕೆಯ ಚರ್ಚೆ.

ನಮ್ಮ ದಖ್ಖನಿ ನಾಲಿಗೆಗೆ ಅರಬಿಯ ‘ಕಾಫ್’ ಬಗ್ಗುವುದಿಲ್ಲ. ಗಂಟಲಾಳದಿಂದ ಹೊರಡಬೇಕಾದ ಆ ಅಕ್ಷರವನ್ನು ನಾವು ‘ಖ’ ಮಾಡಿಬಿಡುತ್ತೇವೆ. ಕಲಮ್ ನಮ್ಮ ಬಾಯಲ್ಲಿ ಖಲಮ್, ಗೋರಿ ಎಂಬರ್ಥದ ಕಬರ್ ಹೋಗಿ ಸುದ್ದಿ ಎಂಬರ್ಥದ ಖಬರ್. ಮಗು ಪೆನ್ನನ್ನು ಪುಟಕ್ಕೆ ತಾಗಿಸುತ್ತದೆ. ಪೆನ್ನು ‘ಕುಲ್’ ಎನ್ನುತ್ತದೆ, ಅತ್ಯಂತ ಶುದ್ಧವಾಗಿ. ಮಗು ‘ಖುಲ್’ ಎನ್ನುತ್ತದೆ. ಪೆನ್ನು ಮುಂದಿನ ಪದಕ್ಕೆ ಹೋಗುತ್ತದೆ. ಮಕ್ತಬಿನಲ್ಲಿ ಹಜ್ರತ್ ಆಗಿದ್ದರೆ ಅಲ್ಲೇ ತಡೆಯುತ್ತಿದ್ದರು. ತಮ್ಮ ಗಂಟಲಿನ ಮೇಲೆ ಬೆರಳಿಟ್ಟು ಇಲ್ಲಿಂದ ಬರಬೇಕು ಎಂದು ತೋರಿಸಿ, ಮಗುವಿನಿಂದ ಹತ್ತು ಸಲ ಹೇಳಿಸಿ, ಹನ್ನೊಂದನೆಯ ಸಲ ಬಿಟ್ಟುಕೊಡುತ್ತಿದ್ದರು. ಹೃದಯ ಎಂಬರ್ಥದ ಪದಕ್ಕೂ ನಾಯಿ ಎಂಬರ್ಥದ ಪದಕ್ಕೂ ಅರಬಿಯಲ್ಲಿ ಇರುವುದು ಇಂಥದೇ ಒಂದು ಅಕ್ಷರದ ಅಂತರ. ಕನ್ನಡ ಲಿಪಿಯಲ್ಲಿ ಎರಡನ್ನೂ ‘ಕಲ್ಬ್’ ಎಂದೇ ಬರೆಯಬೇಕಾಗಿರುವುದರಿಂದ ಅದನ್ನು ಈ ಪುಟದಲ್ಲಿ ತೋರಿಸಲಾರೆ. ಕುರ್‌ಆನ್ ಕಲಿಕೆಯ ಪರಂಪರೆ ನಿಂತಿರುವುದು ಬಾಯಿಂದ ಕಿವಿಗೆ, ಮತ್ತೆ ಕಿವಿಯಿಂದ ಬಾಯಿಗೆ ಎಂಬ ಸರಪಳಿಯ ಮೇಲೆ. ಶಿಷ್ಯ ಒಪ್ಪಿಸಬೇಕು, ಗುರು ಕೇಳಬೇಕು. ಪೆನ್ನು ಆ ಸರಪಳಿಯ ಅರ್ಧವನ್ನು ಅದ್ಭುತವಾಗಿ ಮಾಡುತ್ತದೆ. ಇನ್ನರ್ಧ ಇಲ್ಲವೆಂಬುದೇ ಮನೆಯವರ ಗಮನಕ್ಕೆ ಬರುವುದಿಲ್ಲ, ಯಾಕೆಂದರೆ ಮನೆಯಲ್ಲಿ ದಿನವಿಡೀ ಚೆಂದದ ತಿಲಾವತ್ ಕೇಳಿಬರುತ್ತಿರುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹಜ್ರತರ ಕಿವಿಯ ಜೊತೆ ಬೆತ್ತವೂ ಇರುತ್ತಿತ್ತು, ನನ್ನ ಅಂಗೈ ಅದನ್ನು ಮರೆತಿಲ್ಲ. ಆ ಕಿವಿ ಎಲ್ಲರಿಗೂ ಸಿಕ್ಕಿರಲೂ ಇಲ್ಲ. ನನ್ನ ತಾಯಿಯನ್ನು ಹನ್ನೊಂದನೆಯ ವಯಸ್ಸಿಗೆ ಮಕ್ತಬಿನಿಂದ ಬಿಡಿಸಿದರು. ಐವತ್ತೆಂಟರಲ್ಲಿ ಪೆನ್ನು ಕೈಗೆ ಬಂದಾಗ ಅವರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಮೊದಲ ಜುಝ್‌ನಿಂದ ಶುರುಮಾಡಿದರು. ಈ ವಯಸ್ಸಿನಲ್ಲಿ ಯಾರೆದುರೂ ತಪ್ಪು ಓದಲು ಅವರಿಗೆ ನಾಚಿಕೆ. ಪೆನ್ನಿಗೆ ಕಿವಿ ಇಲ್ಲದಿರುವುದೇ ಅವರಿಗೆ ಅನುಕೂಲವಾಯಿತು. ಕಣ್ಣಿಲ್ಲದವರ ವಿಷಯವನ್ನಂತೂ ಹೇಳಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಬರಹವನ್ನು ಓದಿ ಹೇಳುವ ತಂತ್ರಾಂಶ ರೂಪಿಸಿದಾಗ ದೃಷ್ಟಿಹೀನರಿಗೆ ಪುಸ್ತಕದ ಬಾಗಿಲು ತೆರೆದಂತಾಯಿತು. ಅಂಥವರ ಮುಂದೆ ನಿಂತು ಯಂತ್ರದ ದನಿಯಲ್ಲಿ ಜೀವವಿಲ್ಲ ಎಂದು ಮೂಗು ಮುರಿಯುವುದು ಕಣ್ಣಿರುವವರ ಸೊಕ್ಕು.

ಯಂತ್ರಕ್ಕೆ ಕಿವಿ ಕೊಡುವ ಪ್ರಯತ್ನವೊಂದಕ್ಕೆ ಪಿರಿಯಾಪಟ್ಟಣದ ಸೀಮೆಯೊಡನೆ ಹಳೆಯ ನಂಟಿದೆ. ಬೈಲಕುಪ್ಪೆಯಲ್ಲಿ 1960ರ ಹೊತ್ತಿಗೆ ಟಿಬೆಟನ್ನರು ನೆಲೆಗೊಂಡರು. ಕರ್ನಾಟಕಕ್ಕೆ ಬಂದ ಆ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಅದೇ ಮೈರಾಡ ಮುಂದೆ ‘ವಾಯ್ಸಸ್’ ಸಂಸ್ಥೆಯ ಜೊತೆಗೂಡಿ, 2000ರ ದಶಕದ ಆರಂಭದಲ್ಲಿ, ಹೈದರಲಿಯ ಹುಟ್ಟೂರಾದ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯನ್ನು ಆರಂಭಿಸಿತು. ಆಗ ಹಳ್ಳಿಯವರು ಗಾಳಿಯಲ್ಲಿ ಪ್ರಸಾರ ಮಾಡುವಂತಿರಲಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು, ಸರಕಾರ ಅದನ್ನು ಕಿವಿಗೆ ಹಾಕಿಕೊಳ್ಳಲು ಹೊತ್ತು ತೆಗೆದುಕೊಂಡಿತು. ಹಾಗಾಗಿ ಹೆಂಗಸರ ಸಂಘಗಳ ಮಾತನ್ನು ಕೇಬಲ್ ಟಿವಿಯ ತಂತಿಯಲ್ಲಿ ಹರಿಸಿದರು. 2006ರ ಕೊನೆಯಲ್ಲಿ ನೀತಿ ಬದಲಾಗಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಎಚ್.ಡಿ. ಕೋಟೆಯ ಕಡೆ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ‘ಜನಧ್ವನಿ’ ಆರಂಭಿಸಿದ್ದು ಈ ದಾರಿಯಲ್ಲೇ. ಇಂಥ ನಿಲಯಗಳಿಗೆ ಕೊಡುವ ಶಕ್ತಿ 100 ವಾಟ್, ದನಿ ಮುಟ್ಟುವುದು ಸುತ್ತಲ ಹತ್ತು ಹದಿನೈದು ಕಿಲೋಮೀಟರು. ಸ್ವಂತ ಸುದ್ದಿ ಓದಲೂ ಅನುಮತಿಯಿಲ್ಲ. ಕಾಡಂಚಿನ ಊರಿಗೆ ಆನೆ ಬಂದರೆ ಅದು ಸುದ್ದಿಯೋ ಮಾಹಿತಿಯೋ ಎಂದು ಯೋಚಿಸಬೇಕಾದ ಪಾಡು! ಇಷ್ಟಾದರೂ ಇಲ್ಲಿ ಮೈಕು ಹಳ್ಳಿಯ ಕೈಯಲ್ಲಿದೆ. ರಾಗಿ ಬಿತ್ತುವವಳು ತನ್ನ ರಾಗದಲ್ಲೇ ಮಾತಾಡಬಹುದು.

ಈಗಿನ ಯಂತ್ರಗಳಿಗೆ ಕಿವಿ ಬಂದಿದೆ, ನಾವು ಹೇಳಿದ್ದನ್ನು ಅವು ಬರೆದುಕೊಳ್ಳುತ್ತವೆ, ಉತ್ತರವನ್ನೂ ಕೊಡುತ್ತವೆ ಎಂದು ನನ್ನ ಮಾತಿಗೆ ಆಕ್ಷೇಪ ಬರಬಹುದು. ನಿಜ. ಆದರೆ ಆ ಕಿವಿಯನ್ನೂ ಯಾರದೋ ಮಾತಿನಿಂದ ತರಬೇತು ಮಾಡಿರುತ್ತಾರೆ. ಸಾವಿರಾರು ಗಂಟೆಗಳ ಮನುಷ್ಯರ ಮಾತು ಅದಕ್ಕೆ ಆಹಾರ, ಯಾರ ಮಾತು ಬೀಳಲಿಲ್ಲವೋ ಅವರಿಗೆ ಅದು ಕಿವುಡು. ಜನಗಣತಿಯಲ್ಲಿ ದಖ್ಖನಿ ಆಡುವವರೆಲ್ಲ ಉರ್ದುವಿನವರು, 2011ರ ಗಣತಿಯಲ್ಲಿ ಕುರುಬ ನುಡಿ ಕನ್ನಡದ ಗುಂಪಿನೊಳಗಿನ ಒಂದು ಸಾಲು. ಕಾಗದದ ಮೇಲೆ ಬೇರೆಯಾಗಿ ಇಲ್ಲದ ನುಡಿಗಾಗಿ ಯಂತ್ರ ಮಾಡುವವರು ಯಾಕೆ ಹುಡುಕಿಕೊಂಡು ಬರುತ್ತಾರೆ? ನನ್ನ ತಾಯಿ ಮೊಬೈಲಿಗೆ ಉರ್ದುವಿನಲ್ಲಿ ‘ಮೇರೆಕು ನಕ್ಕೊ’ ಎಂದರೆ ಅದು ಏನೇನೋ ಬರೆಯುತ್ತದೆ. ಆಮೇಲೆ ಅವರು ತಮ್ಮ ಮಾತನ್ನೇ ತಿದ್ದಿಕೊಳ್ಳಲು ಹೊರಟು, ಸಿನಿಮಾದ ಹಿಂದಿಯಲ್ಲಿ ‘ಮುಝೆ ನಹೀಂ ಚಾಹಿಯೆ’ ಎನ್ನುತ್ತಾರೆ. ಐವತ್ತು ವರ್ಷ ಶಾಲೆ ಮಾಡಲಾಗದ್ದನ್ನು ಫೋನು ಮಾಡಿಸಿತು. ಇದನ್ನು ನಾನು ನಗುತ್ತಾ ಹೇಳುತ್ತಿಲ್ಲ.

ಪಕ್ಕದ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಬೇರೆಯದೂ ನಡೆದಿದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಅಲ್ಲಿನವರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ದನಿ ಸಂಗ್ರಹಿಸಿದ್ದು 2023ರಲ್ಲಿ ವರದಿಯಾಯಿತು. ಗಂಟೆಗೆ ಸುಮಾರು 5 ಡಾಲರ್ ಕೂಲಿ, ಆ ದನಿ ಮತ್ತೆ ಮಾರಾಟವಾದರೆ ಅದರಲ್ಲೂ ಪಾಲು ಎಂಬ ಕರಾರು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಕಲೆಹಾಕಲು ಹೊರಟಿತು. ಒಳ್ಳೆಯ ಹೆಜ್ಜೆಗಳು. ಆದರೆ ಒಂದು ಜಿಲ್ಲೆಯನ್ನು ಒಂದು ಮಾತಿನ ಘಟಕ ಎಂದುಕೊಂಡರೆ ನಮ್ಮ ನಾಲ್ಕು ತಾಲ್ಲೂಕುಗಳ ಗತಿ ಏನು? ಬ್ಯಾರನ್ ಮುಂದಿನ ಗೌಡರ ಕನ್ನಡ, ಹುಣಸೂರಿನ ದಖ್ಖನಿ, ಕೋಟೆಯ ಹಾಡಿಗಳ ನುಡಿಗಳು, ಬೈಲಕುಪ್ಪೆಯ ಟಿಬೆಟನ್, ಆ ಟಿಬೆಟನ್ನರು ಅಂಗಡಿಯಲ್ಲಿ ಆಡುವ ಅವರದೇ ಕನ್ನಡ. ಇವುಗಳಲ್ಲಿ ಯಾವುದನ್ನು ಜಿಲ್ಲೆಯ ಮಾತು ಎಂದು ತುಂಬಿಕೊಳ್ಳುತ್ತಾರೆ? ತುಂಬಿಕೊಂಡ ದನಿಗೆ ಗೌಹರ್ ಜಾನ್ ಹೇಳಿದಂತೆ ಕೊನೆಯಲ್ಲಿ ತನ್ನ ಹೆಸರು ಹೇಳುವ ಹಕ್ಕು ಇರುತ್ತದೆಯೇ? ಕೂಲಿಯ ಜೊತೆಗೆ ಈ ಪ್ರಶ್ನೆಯನ್ನೂ ಮುಂದಿಡಬೇಕಾದವರು ಇಲ್ಲಿಯ ಕಾಲೇಜಿನ ಮೇಷ್ಟ್ರುಗಳು, ಜಮಾಅತ್ತಿನ ಹಿರಿಯರು, ಹಾಡಿಯ ಯಜಮಾನರು. ದೂರು ಬರೆದುಕೊಂಡು ಕೂರುವ ನನ್ನಂಥವರಿಂದ ಆಗುವ ಕೆಲಸವಲ್ಲ.

ಹುಣಸೂರಿನಿಂದ ಹೊರಡುವ ದಿನ ತಾಯಿ ಜಗಲಿಯ ಮೇಲೆ ಕೂತು ದಮ್ಮಾಮಿನಲ್ಲಿರುವ ನನ್ನ ತಮ್ಮನಿಗೆ ವಾಟ್ಸಾಪಿನಲ್ಲಿ ಮಾತು ತುಂಬುತ್ತಿದ್ದರು. ಹೆಬ್ಬೆರಳನ್ನು ಮೈಕಿನ ಚಿತ್ರದ ಮೇಲೆ ಒತ್ತಿ ಹಿಡಿದು, ಶುಂಠಿಯ ಬೆಲೆ, ಪಕ್ಕದ ಮನೆಯ ರತ್ನಮ್ಮನ ಮಗಳ ಬಾಣಂತನ, ನನ್ನ ಬಿಳಿಯಾಗುತ್ತಿರುವ ಗಡ್ಡ, ಎಲ್ಲವೂ ಹಳೆಯ ಕ್ಯಾಸೆಟ್ ಕಾಗದದ ಧಾಟಿಯಲ್ಲೇ. ಸೊಸೆ ನಡುವೆ ಬಾಯಿ ಹಾಕಿ, ‘ನಾನಿ, ಮೈಂ ಬಿ ಬೋಲ್ತೂಂ’ ಎಂದು ಫೋನು ಕಿತ್ತುಕೊಂಡಳು. ಕಳಿಸಿದ ಮೇಲೆ ತಾಯಿ ಅದನ್ನು ಮತ್ತೆ ಒತ್ತಿ ತಮ್ಮ ದನಿಯನ್ನೇ ಕೇಳಿಸಿಕೊಂಡರು. ‘ಬರಾಬರ್ ಆಯಾ ಕ್ಯಾ?’ ಎಂದು ನನ್ನನ್ನು ಕೇಳಿದರು. ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನು ಸ್ವಲ್ಪ ಜೋರಾಗಿ ಬಂದಿತ್ತು, ಉಳಿದಂತೆ ಎಲ್ಲ ಸರಿಯಾಗಿತ್ತು.